ಮೀರ್ಗುಲ್ ಮತ್ತೆ ಶಾಲೆಗೆ ಹೋದದ್ದು

ಕುದುರೆ ಸಾಕುವ ಬೆಟ್ಟದ ಊರು ಆತ್-ಬಾಶಿಯ ಎಸೆನ್‌ಬೆಕ್‌ನ ಮಗಳು ಮೀರ್ಗುಲ್ ಚಿಕ್ಕಂದಿನಿಂದಲೂ ಮಾತಿನ ಮಲ್ಲಿ. ಮನೆಗೆ ನೆಂಟರು ಬಂದು ಕುರಿ ಕಡಿದ ದಿನ ಅವಳನ್ನು ನಡುಮನೆಯಲ್ಲಿ ನಿಲ್ಲಿಸಿ ಹಳೆಯ ವೀರರ ಕಥೆ ಹೇಳಿಸುತ್ತಿದ್ದರು. ಮುದುಕರು ಕೈಯಲ್ಲಿದ್ದ ಚಹಾ ಆರಿಹೋಗುವ ತನಕ ಕೇಳುತ್ತಿದ್ದರು.

ಅಂಥವಳು ಹದಿನೈದನೆಯ ವಯಸ್ಸಿನಲ್ಲಿ, ಹಿಮ ಕರಗುವ ಕಾಲಕ್ಕೆ, ತರಗತಿಯ ಕರಿಹಲಗೆಯ ಮುಂದೆ ನಿಂತು ಬಾಯಿ ತೆರೆದರೆ ಮಾತೇ ಹೊರಡಲಿಲ್ಲ. ಬೆರಳು ತಣ್ಣಗಾದವು. ಎದೆ ಡವಡವ ಹೊಡೆದುಕೊಂಡಿತು. ಸತ್ತೇ ಹೋದೆ ಅಂದುಕೊಂಡಳು. ಸಾಯಲಿಲ್ಲ, ನಿಜ. ಆದರೆ ಮಾರನೆಯ ದಿನ ಶಾಲೆಯ ಗೇಟು ಕಂಡೊಡನೆ ಎದೆ ಹಾಗೆಯೇ ಹೊಡೆದುಕೊಂಡಿತು. ಕೆಲವೇ ದಿನಗಳಲ್ಲಿ ಹಾಸಿಗೆಯಲ್ಲಿ ಕಣ್ಣು ಬಿಟ್ಟ ಕೂಡಲೇ ಶುರುವಾಗತೊಡಗಿತು. ಅವಳು ಶಾಲೆ ಬಿಟ್ಟಳು. ಊಟ ಸೇರದಾಯಿತು. ಗೆಳತಿಯರು ಕರೆಯಲು ಬಂದರೆ ಗೋಡೆಯತ್ತ ಹೊರಳಿ ಮಲಗುವಳು.

ಹೆದರಿಕೆ ಯಾವುದರದೆಂದು ಕಂಡುಹಿಡಿಯಲು ಅಜ್ಜಿ ಸೀಸ ಕರಗಿಸಿ, ಮೊಮ್ಮಗಳ ನೆತ್ತಿಯ ಮೇಲೆ ಹಿಡಿದ ನೀರಿನ ಬಟ್ಟಲಿಗೆ ಸುರಿದಳು. ಹೆಪ್ಪುಗಟ್ಟಿದ ಸೀಸವನ್ನು ತಿರುಗಿಸಿ ತಿರುಗಿಸಿ ನೋಡಿ, "ನಾಯಿ! ಮಗು ನಾಯಿಗೆ ಹೆದರಿಕೊಂಡಿದೆ" ಎಂದಳು.

"ನಾಯಿ ಕಂಡ್ರೆ ನಂಗೇನ್ ಭಯಾನೇ ಇಲ್ವಲ್ಲ ಅಜ್ಜಿ."

"ನಿಂಗೇನ್ ಗೊತ್ತು, ಸುಮ್ನಿರು!"

ಅಪ್ಪನದು ಬೇರೆಯೇ ರೋಗನಿದಾನ. "ಮೈಗಳ್ಳತನ. ಆ ಫೋನು ಕಿತ್ಕೊಂಡು ಸಗಣಿ ಬಾಚೋಕೆ ಹಾಕಿ, ಎಲ್ಲಾ ಸರಿ ಹೋಗುತ್ತೆ." ಫೋನು ಹೋಯಿತು, ಮೀರ್ಗುಲ್ ಸಗಣಿಯನ್ನೂ ಬಾಚಿದಳು. ಸರಿಹೋಗಲಿಲ್ಲ.

ಮನೆಯಲ್ಲಿ ಅಣ್ಣನ ಹೆಂಡತಿ ಕುಮುಶಾಯ್ ಇದ್ದಳು. ಅತ್ತಿಗೆ ನಾದಿನಿಯರಿಗೆ ಮೊದಲಿನಿಂದಲೂ ಒಬ್ಬರನ್ನೊಬ್ಬರು ಕಾಡಿಸದೆ ದಿನ ಹೋಗದು. ಒಂದು ಮಧ್ಯಾಹ್ನ ಅವಳು ಬಾಚಣಿಗೆ ಹಿಡಿದು ಹಾಸಿಗೆಯ ಅಂಚಿಗೆ ಬಂದು ಕೂತಳು.

"ಏಳೇ, ಇದೇನ್ ತಲೆನಾ ಕುರಿ ಬಾಲಾನಾ?"

ಮೀರ್ಗುಲ್ ನಗಲಿಲ್ಲ. ಕುಮುಶಾಯ್ ಸಿಕ್ಕು ಬಿಡಿಸುತ್ತಲೇ ದನಿ ತಗ್ಗಿಸಿದಳು. "ನಿಜ ಹೇಳು. ಸಾಯ್ಬೇಕು ಅನ್ಸುತ್ತಾ?"

"ಸಾಯ್ಬೇಕು ಅಂತಲ್ಲ ಅತ್ತಿಗೆ. ಬೆಳಗ್ಗೆ ಏಳೋದೇ ಬೇಡ ಅನ್ಸುತ್ತೆ." ಇಷ್ಟು ಹೇಳಿದವಳೇ ಬಿಕ್ಕಿ ಬಿಕ್ಕಿ ಅತ್ತಳು. ಕುಮುಶಾಯ್ ಬಾಚುವುದನ್ನು ನಿಲ್ಲಿಸಲಿಲ್ಲ.

ಅಲ್ಲಿ ಸೊಸೆಯಾದವಳು ಮಾವನ ಹೆಸರೆತ್ತುವಂತಿಲ್ಲ, ಎದುರು ನಿಂತು ದನಿ ಏರಿಸುವಂತಿಲ್ಲ. ಆ ಸಂಜೆ ಚಹಾ ಬಗ್ಗಿಸುತ್ತಿದ್ದ ಕುಮುಶಾಯ್ ಪಾತ್ರೆ ಕೆಳಗಿಟ್ಟು ಹೇಳಿಯೇಬಿಟ್ಟಳು: "ಮಾವ, ಬೈದ್ರೂ ಪರ್ವಾಗಿಲ್ಲ. ನಿಮ್ ಕಂದು ಕುದುರೆ ಕುಂಟಿದಾಗ ಮೂರು ಕಣಿವೆ ದಾಟಿ ವೈದ್ಯನ್ನ ಕರ್ಕೊಂಡ್ ಬಂದ್ರಿ. ಮೈಗಳ್ಳ ಕುದುರೆ ಅಂತ ಆಗ ಯಾರೂ ಅನ್ಲಿಲ್ಲ."

ಅಜ್ಜಿ ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡಳು. ಎಸೆನ್‌ಬೆಕ್ ಬಟ್ಟಲಿನ ಚಹಾ ಕುಡಿದು ಮುಗಿಸಿದ. ಎದ್ದು ಹೋಗುವಾಗ ಅಂದದ್ದು ಒಂದೇ ಮಾತು: "ಬೆಳಗ್ಗೆ ಕಾರ್ ತೆಗೀತೀನಿ. ನೀನೂ ಬಾ."

ನಾರಿನ್ ಪಟ್ಟಣದ ಡಾಕ್ಟರಮ್ಮ ಜಿಪಾರ್ ಎದೆ ಪರೀಕ್ಷೆ ಮಾಡಿ ಮುಗಿಸಿ, ಮೀರ್ಗುಲ್‌ಳನ್ನು ಬೇರೆಯೇ ಪ್ರಶ್ನೆ ಕೇಳತೊಡಗಿದರು. ಯಾವ ಊಟ ರುಚಿಸುತ್ತೆ? ಹೊಟ್ಟೆ ತುಂಬ ನಕ್ಕು ಎಷ್ಟು ಕಾಲ ಆಯ್ತು? ಯಾರ ಜೊತೆ? ಹೊರಗೆ ಕಾಯುತ್ತಿದ್ದ ಅಪ್ಪನನ್ನು ಡಾಕ್ಟರಮ್ಮ ಒಳಗೆ ಕರೆದರು. "ಹೃದಯ ಗಟ್ಟಿಯಾಗೇ ಇದೆ. ಇದು ಹುಚ್ಚೂ ಅಲ್ಲ, ನಾಟಕಾನೂ ಅಲ್ಲ. ಭಯದ ಕಾಯಿಲೆ, ಜೊತೆಗೆ ಮನಸ್ಸು ಕುಗ್ಗಿದೆ. ವಾಸಿ ಆಗುತ್ತೆ, ನಿಧಾನಕ್ಕೆ."

ನಿಧಾನ ಅಂದರೆ ನಿಧಾನವೇ. ಬೇಸಿಗೆಯಿಡೀ ವಾರಕ್ಕೊಮ್ಮೆ ನಾರಿನ್‌ಗೆ ಹೋಗಿ ಮಾತಾಡಿ ಬರುವುದು. ಎದೆ ಬಡಿದುಕೊಂಡರೆ ಓಡದೆ, ಉದ್ದಕ್ಕೆ ಉಸಿರು ಬಿಡುತ್ತ ನಿಲ್ಲುವುದು. ರಜೆ ಮುಗಿದ ಮೇಲೆ ಮೊದಲು ಗೇಟಿನವರೆಗೆ, ಅದು ರೂಢಿಯಾದ ಮೇಲೆ ಮೆಟ್ಟಿಲಿನವರೆಗೆ. ಕುಮುಶಾಯ್ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಜೊತೆಗೆ ಹೋಗಿ ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ಒಡೆಯುತ್ತಿದ್ದಳು. "ನಾನೂ ಪಾಸಾಗ್ಬಿಡ್ತೀನಿ ಬಿಡು, ಇಷ್ಟು ಸಲ ಶಾಲೆಗೆ ಬಂದ್ಮೇಲೆ" ಎನ್ನುತ್ತಿದ್ದಳು. ಟೀಚರು ಬಾಗಿಲ ಪಕ್ಕದ ಬೆಂಚು ಕೊಟ್ಟರು. ಚಳಿಗಾಲದಲ್ಲಿ ರೋಗ ಮರುಕಳಿಸಿ ಮೀರ್ಗುಲ್ ಮತ್ತೆ ಗೋಡೆಯತ್ತ ಹೊರಳಿ ಮಲಗಿದಳು. ಡಾಕ್ಟರಮ್ಮ ಕೆಲವು ತಿಂಗಳು ಮಾತ್ರೆಯನ್ನೂ ಕೊಟ್ಟರು. ಆ ವರ್ಷ ಪಾಸಾಗಲಿಲ್ಲ. ತನಗಿಂತ ಚಿಕ್ಕವರ ಜೊತೆ ಕೂತು ಅದೇ ತರಗತಿ ಮುಗಿಸಿದಳು. ಅವರೊಂದಿಗೇ ಒಂದು ದಿನ ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಾತಕ್ಕೆ ನಕ್ಕದ್ದೆಂದು ಮನೆಯಲ್ಲಿ ಹೇಳಲು ಹೊರಟರೆ ಯಾರಿಗೂ ಅದು ನಗುವ ವಿಷಯ ಅನ್ನಿಸಲಿಲ್ಲ. ಆದರೂ ಅಪ್ಪ ನಕ್ಕ.

ಈಗ ಮೀರ್ಗುಲ್‌ಗೆ ಇಪ್ಪತ್ತಮೂರು. ಊರಿನ ಶಿಶುವಿಹಾರದಲ್ಲಿ ಕೆಲಸ. ಮಕ್ಕಳಿಗೆ ಗಂಜಿ ತಿನ್ನಿಸಿ, ಕಥೆ ಹೇಳಿ ಮಲಗಿಸುತ್ತಾಳೆ. ಒಮ್ಮೊಮ್ಮೆ ಎದೆ ಹೊಡೆದುಕೊಳ್ಳುವುದುಂಟು. ಆಗ ಜೊತೆಯವಳಿಗೆ ಹೇಳಿ ಅಂಗಳಕ್ಕೆ ಹೋಗಿ ನಿಂತು, ಅದು ಇಳಿದ ಮೇಲೆ ಒಳಗೆ ಬರುತ್ತಾಳೆ. ಅದನ್ನು ಯಾರಿಂದಲೂ ಮುಚ್ಚಿಡುವುದಿಲ್ಲ.

ಮೊನ್ನೆ ಆಲೂಗಡ್ಡೆ ಅಗೆಯುವಾಗ ಕೊಚ್‌ಕೊರ್ ಕಡೆಯಿಂದ ಒಬ್ಬ ಹುಡುಗನ ಮನೆಯವರು ಹೆಣ್ಣು ಕೇಳಿ ಹೇಳಿಕಳಿಸಿದ ಸುದ್ದಿ ಬಂತು.

"ಹುಡುಗನ ಹತ್ರ ನಲವತ್ತು ಕುದುರೆ ಇದ್ಯಂತೆ ಕಣೇ," ಎಂದಳು ಕುಮುಶಾಯ್.

"ಕುದುರೆ ಜೊತೆ ಮದ್ವೆ ಆಗೋದಾದ್ರೆ ನೀನೇ ಹೋಗು ಅತ್ತಿಗೆ."

ಎಸೆನ್‌ಬೆಕ್ ಗುದ್ದಲಿಗೆ ಒರಗಿ ನಿಂತು, "ಅವಳಿಗೆ ಬೇಡ ಅಂದ್ರೆ ಬೇಡ. ಅವಸರ ಏನಿದೆ?" ಎಂದ. ಮೀರ್ಗುಲ್ ತುಂಬಿದ ಚೀಲವನ್ನು ಎತ್ತಿ ಹೆಗಲಿಗೇರಿಸಿಕೊಂಡು ಗಾಡಿಯ ಕಡೆ ನಡೆದಳು.