ಕುಂಬಾರವಾಡದವರೆಗೆ ಎಡಗೈ ಬ್ರೇಕು

ದಾಂಡೇಲಿ ಬಸ್ ನಿಲ್ದಾಣಕ್ಕೆ ನಾವು ಬಂದಾಗ ನಮ್ಮ ಬಳಿ ಬೈಕಿನ ಎರಡು ಚಕ್ರಗಳಿದ್ದವು. ಬೈಕು ಮಾತ್ರ ಮನೆಯ ಪಡಸಾಲೆಯಲ್ಲಿ ಇಟ್ಟಿಗೆಗಳ ಮೇಲೆ ಕೂತಿತ್ತು. ನವೆಂಬರಿನ ಬೆಳಗು, ನದಿಯ ಕಡೆಯಿಂದ ಮಂಜು ಬರುತ್ತಿತ್ತು. ಒಂದು ಚಕ್ರ ನನ್ನ ಕೈಯಲ್ಲಿತ್ತು. ಇನ್ನೊಂದನ್ನು ನನ್ನ ಗಂಡ ಸಂತಾನ ಊರುಗೋಲಿನ ಜೊತೆಗೇ ಉರುಳಿಸಿಕೊಂಡು ಬಂದಿದ್ದರು.

ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಚೀಟಿ ಕೊಟ್ಟ. ಆಮೇಲೆ ಚಕ್ರಗಳನ್ನು ನೋಡಿದ.

“ಇವಕ್ಕ ಲಗೇಜ್ ಆಗ್ತದ್ರೀ ಅಕ್ಕಾರ.”

“ನನಗ ಫ್ರೀ ಅಂದ್ರಿ?”

“ಹೆಣ್ಮಕ್ಕಳಿಗೆ ಫ್ರೀ. ಚಕ್ರ ಹೆಣ್ಮಗಳಲ್ರಿ.”

ಮುಂದಿನ ಸೀಟಿನವರು ನಕ್ಕರು. ಸಂತಾನ ತಮಗೂ ಚಕ್ರಗಳಿಗೂ ಸೇರಿಸಿ ಟಿಕೆಟ್ ತೆಗೆಸಿದರು.

ನಮ್ಮದು ಹಳೆಯ ಕಾಲದ ಎರಡು ಸ್ಟ್ರೋಕಿನ ಬೈಕು. ಕಿಕ್ ಎಡಗಡೆ, ಗೇರು ಎಡಗಡೆ, ಹಿಂದಿನ ಬ್ರೇಕು ಮಾತ್ರ ಬಲಗಾಲಿಗೆ. ಎರಡು ವರ್ಷದ ಹಿಂದೆ ಲಾರಿಯಿಂದ ಬಿದಿರು ಇಳಿಸುವಾಗ ಹೊರೆ ಜಾರಿ ಸಂತಾನರ ಬಲಗಾಲಿನ ಮೇಲೆ ಬಿತ್ತು. ಪಾದದ ಗಿಣ್ಣಿಗೆ ಸ್ಕ್ರೂ ಹಾಕಿದರು. ಮೂಳೆ ಕೂಡಿತು, ಆದರೆ ಪಾದ ಮಡಚುವುದು ನಿಂತುಹೋಯಿತು. ಅಂದಿನಿಂದ ಬೈಕು ಅಂಗಳದಲ್ಲಿ ಮಳೆಗೆ ತುಕ್ಕು ಹಿಡಿಯುತ್ತ ನಿಂತಿತ್ತು. ನಮ್ಮ ಮಗಳು ಲೂಸಿಯನ್ನು ಕುಂಬಾರವಾಡಕ್ಕೆ ಕೊಟ್ಟಿದ್ದೇವೆ. ಅಲ್ಲಿಗೆ ಹೋಗುವ ಬಸ್ಸುಗಳು ಕಡಿಮೆ. ಹತ್ತಿ ಇಳಿಯುವುದೂ ಇವರಿಗೆ ಕಷ್ಟ. ಆದರೆ ಇವರು ಬೈಕು ಬಿಚ್ಚಲು ಕೂತದ್ದು ಮಗಳಿಗಾಗಿ ಮಾತ್ರ ಅಲ್ಲ ಎಂದು ನನಗೆ ಗೊತ್ತಿತ್ತು. ಬೇರೆಯವರ ಬೈಕಿನ ಹಿಂದೆ ಕೂತು ಹೋಗುವುದು ಅವರಿಗೆ ಯಾವತ್ತೂ ಒಗ್ಗಲಿಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸು. ಬ್ರೇಕು ಹತ್ತದೆ ಬಿದ್ದವರನ್ನು ಬಹಳ ನೋಡಿದ್ದೇನೆ. ಬೇಡ ಎಂದು ಬಾಯಿಬಿಟ್ಟು ಹೇಳಲಾಗದೆ ಅವರ ಜೊತೆ ನಾನೂ ಸ್ಪಾನರ್ ಹಿಡಿದಿದ್ದೆ. ಚಕ್ರದ ನಡುವಿನ ಬ್ರೇಕ್ ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಊದಲು ಬಿಡದೆ, ಇಬ್ಬರಿಗೂ ಮಾಸ್ಕ್ ಕಟ್ಟಿ, ಒದ್ದೆ ಬಟ್ಟೆಯಿಂದ ಒರೆಸಿದೆ. ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳ ಲೈನಿಂಗ್ ಉಗುರಿನಷ್ಟೂ ಉಳಿದಿರಲಿಲ್ಲ. ಡ್ರಮ್ಮಿನ ಒಳಮೈಯಲ್ಲಿ ಬೆರಳಿಗೆ ಸಿಗುವಂಥ ಗೀರುಗಳಿದ್ದವು.

ಹಳಿಯಾಳದಲ್ಲಿ ಇಳಿದು ಪೇಟೆಯ ಲೇತಿನ ಅಂಗಡಿಗೆ ಹೋದೆವು. ಲೇತಿನವರು ಚಕ್ರ ಕಟ್ಟಿ ತಿರುಗಿಸಿ, “ಡ್ರಮ್ಮು ತತ್ತಿ ಹಂಗ ಆಗೇತ್ರಿ, ದುಂಡಗಿಲ್ಲ” ಎಂದರು. ಒಳಮೈಯನ್ನು ತೆಳ್ಳಗೆ ಹೆರೆದರು. ಕಬ್ಬಿಣದ ಸುರುಳಿಗಳು ಸಂತಾನರ ಚಪ್ಪಲಿಯ ಮೇಲೆಲ್ಲ ಬಿದ್ದವು. ಅವರು ಕದಲದೆ ನೋಡುತ್ತ ನಿಂತಿದ್ದರು. ಎದುರಿನ ಅಂಗಡಿಯಲ್ಲಿ ಗಿರ್ಮಿಟ್, ಮಿರ್ಚಿ ತಿಂದು, ಕಲಘಟಗಿಯ ಮೇಲಿಂದ ಮುಂಡಗೋಡಿಗೆ ಹೋಗುವ ಬಸ್ಸು ಹಿಡಿದೆವು. ದಾರಿಯ ಎರಡೂ ಕಡೆ ಮೆಕ್ಕೆಜೋಳ ಕಟಾವಾಗಿತ್ತು. ತೆನೆಗಳನ್ನು ಡಾಂಬರಿನ ಮೇಲೇ ಒಣಹಾಕಿದ್ದರು. ನಡುವೆ ಹತ್ತಿದ ಇಬ್ಬರು ಟಿಬೆಟಿ ಸನ್ಯಾಸಿಗಳು ನಮ್ಮ ಒಂದು ಚಕ್ರವನ್ನು ತಮ್ಮ ಕಾಲಿನ ನಡುವೆ ಹಿಡಿದುಕೊಂಡು, ಅದು ಉರುಳದ ಹಾಗೆ ಊರಿನವರೆಗೆ ಕಾದರು.

ಮುಂಡಗೋಡಿನಲ್ಲಿ ಇಮಾಮ್‌ಸಾಬರ ಗ್ಯಾರೇಜು. ಹಳೆಯ ಶೂಗಳಿಗೆ ಹೊಸ ಲೈನಿಂಗ್ ಹಚ್ಚುವುದರಲ್ಲಿ ಅವರಿಗೆ ಸುತ್ತಲೂ ಹೆಸರಿದೆ. ಆ ಕೆಲಸಕ್ಕೆ ಕೂಡಲೇ ಒಪ್ಪಿದರು. ಆದರೆ ಹಿಂದಿನ ಬ್ರೇಕನ್ನು ಎಡಗೈಗೆ ತರಬೇಕು, ಕ್ಲಚ್ಚಿನ ಹಿಡಿಯ ಕೆಳಗೆ ಇನ್ನೊಂದು ಹಿಡಿ ಕೂಡಿಸಿ ಕೇಬಲ್ ಎಳೆಯಬೇಕು ಎಂದು ಸಂತಾನ ಹೇಳಿದಾಗ ಕೈಯಲ್ಲಿದ್ದ ಶೂ ಕೆಳಗಿಟ್ಟರು.

“ಮಾಡಾಕ ಬರ್ತೈತಿ ಅಕ್ಕಾ, ಆದ್ರ ಮಾಡೂದಿಲ್ಲ. ಒಂದ ಕೈಗೆ ಎರಡು ಕೆಲಸ. ನಾಳೆ ಇವರು ಘಾಟಿನ್ಯಾಗ ಬಿದ್ರ ಖುದಾಗ ನಾ ಏನ್ ಜವಾಬು ಕೊಡ್ಲಿ?”

ಸಂತಾನ ಒಂದು ಹಳೆಯ ಟೈರಿನ ಮೇಲೆ ಕೂತು ಊರುಗೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡರು. ಯಾರಾದರೂ ಈ ಮಾತು ಹೇಳಲಿ ಎಂದು ನಾನು ವಾರಗಟ್ಟಲೆ ಕಾದಿದ್ದೆ. ಹೇಳಿದ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು.

“ಮೊನ್ನೆ ಬಚ್ಚಲದಾಗ ಬಿದ್ದಾರ್ರೀ ಇವರು. ಹಂಗಂತ ಬಚ್ಚಲಾ ಮುಚ್ಚಲೇನು?” ಎಂದೆ. “ನೀವು ಮಾಡಲಿಲ್ಲಂದ್ರ ಇವರು ಸೈಕಲ್ಲಿನ ಹಿಡಿ ತಂದು ತಂತಿ ಕಟ್ಟಿ ತಾವ ಮಾಡ್ತಾರ. ಆಗ ಯಾರ್ ಜವಾಬು ಕೊಡೋರು?”

ಇಮಾಮ್‌ಸಾಬರು ನನ್ನನ್ನೂ ಅವರನ್ನೂ ನೋಡಿದರು. ಒಳಗೆ ಹೋಗಿ ಒಂದು ಪೈಪಿನ ತುಂಡಿಗೆ ಎರಡು ಹಿಡಿ ಕೂಡಿಸಿ ತಂದು, ಬೆಂಚಿನ ಇಕ್ಕಳಕ್ಕೆ ಬಿಗಿದರು. “ಬರ್ರಿ ಸಂತಾನಣ್ಣ. ಮ್ಯಾಲಿಂದು ಕ್ಲಚ್ಚು, ಎರಡು ಬೆರಳು. ಕೆಳಗಿಂದು ಬ್ರೇಕು, ಎರಡು ಬೆರಳು. ನಾ ಹೇಳ್ದಂಗ ಹಿಡೀರಿ.”

ಆಮೇಲೆ ಅವರು ಲೈನಿಂಗ್ ಅಂಟಿಸುತ್ತ, ತಲೆಯೆತ್ತದೆ ಕೂಗುತ್ತಲೇ ಇದ್ದರು: “ಕ್ಲಚ್ಚು! ಬ್ರೇಕು! ಎರಡೂ! ಕ್ಲಚ್ ಬಿಡ್ರಿ, ಬ್ರೇಕ್ ಇರ್ಲಿ!” ಮೊದಮೊದಲು ನಾಲ್ಕೂ ಬೆರಳು ಒಟ್ಟಿಗೇ ಮಡಚುತ್ತಿದ್ದವು. ಸಂತಾನ ಬೆವರಿದರು, ಒಮ್ಮೆ ಬೈದುಕೊಂಡರು. ನಾನು ಹೊರಗೆ ಹೋಗಿ ಚಹಾ ತಂದೆ. ಊಟದ ಹೊತ್ತು ದಾಟುವಷ್ಟರಲ್ಲಿ ಬೆರಳುಗಳು ಬೇರೆಬೇರೆಯಾಗಿ ಮಾತು ಕೇಳತೊಡಗಿದವು. ಇಮಾಮ್‌ಸಾಬರು ಇದ್ದಕ್ಕಿದ್ದಂತೆ “ಎಮ್ಮಿ ಬಂತು!” ಎಂದು ಚೀರಿದರು. ಕೆಳಗಿನ ಹಿಡಿ ತಟ್ಟನೆ ಮಡಚಿತು. “ಹಾಂ, ಈಗ ಮಾಡ್ತೇನಿ” ಎಂದು ಅವರು ವೆಲ್ಡಿಂಗಿನ ಕನ್ನಡಕ ಹಾಕಿಕೊಂಡರು.

ಚಕ್ರದ ಬಳಿ ಕೇಬಲ್ ಎಳೆಯುವ ಬ್ರೇಕಿನ ತೋಳನ್ನು ಸ್ವಲ್ಪ ಉದ್ದ ಮಾಡಿದರು, ಕೈಯ ಬಲ ಸಾಕಾಗಲಿ ಎಂದು. ಕೇಬಲ್ಲಿನ ತುದಿ ನಿಲ್ಲಲು ಕಿವಿಯಂಥ ಒಂದು ಗಟ್ಟಿ ಕೊಂಡಿ ಬೆಸೆದರು. ಅಂಟು ಒಣಗಬೇಕಿದ್ದರಿಂದ ಆ ದಿನ ಅಲ್ಲೇ ಲಾಡ್ಜಿನಲ್ಲಿ ಉಳಿದು, ಬಿಸಿ ನೂಡಲ್ಸ್ ಸಾರು ಕುಡಿದು, ಮರುದಿನ ಮಧ್ಯಾಹ್ನ ಆ ಜೋಡಿ ಹಿಡಿಯನ್ನೂ ಕೇಬಲ್ಲನ್ನೂ ಕಟ್ಟಿಸಿಕೊಂಡು ಹೊರಟೆವು.

ಮನೆಯಲ್ಲಿ ಜೋಡಿಸುವಾಗ ಶೂಗಳ ಸ್ಪ್ರಿಂಗ್ ಹಾಕಲು ಇಬ್ಬರೂ ಪೇಚಾಡಿದೆವು. ಕೊನೆಗೆ ನಾನು ರಕ್ತನಾಳ ಹಿಡಿಯುವ ಒಂದು ಹಳೆಯ ಇಕ್ಕಳ ತಂದು ಎಳೆದು ಕೂಡಿಸಿದೆ. ಹೊಸ ಲೈನಿಂಗ್ ಡ್ರಮ್ಮಿಗೆ ಎಲ್ಲಿ ತಾಗುತ್ತದೆ ಎಂದು ಸೀಮೆಸುಣ್ಣ ಹಚ್ಚಿ ನೋಡಿ, ಎದ್ದ ಕಡೆ ಮರಳು ಕಾಗದದಿಂದ ಉಜ್ಜಿದೆವು. ಮುಂದಿನ ಚಕ್ರಕ್ಕೂ ಹಾಗೆಯೇ ಮಾಡಿದೆವು. ಆಮೇಲೆ ಸಂತಾನ ಖಾಲಿ ಮೈದಾನದಲ್ಲಿ ದಿನವೂ ಸಂಜೆ ಸುತ್ತು ಹಾಕಿದರು. ನಾನು “ಎಮ್ಮಿ!” ಎಂದು ಕೂಗುವುದು, ಅವರು ನಿಲ್ಲಿಸುವುದು. ಅಕ್ಕಪಕ್ಕದವರು ಗೋಡೆಯ ಮೇಲಿಂದ ನೋಡಿದರು.

ನನ್ನ ರಜೆ ಮುಗಿಯುವ ಮುಂಚಿನ ಶನಿವಾರ ಊರುಗೋಲನ್ನು ಬೈಕಿನ ಪಕ್ಕಕ್ಕೆ ಕಟ್ಟಿಕೊಂಡು ಹೊರಟೆವು. ಗಣೇಶಗುಡಿಯವರೆಗೆ ರಾಫ್ಟಿಂಗಿಗೆ ಬಂದವರ ಕಾರುಗಳ ಸಾಲು. ಅಲ್ಲಿಂದ ಏರು. ಬೈಕು ಹೊಗೆ ಬಿಡುತ್ತ ಹತ್ತಿತು. ಜೋಯಿಡಾದಲ್ಲಿ ಬನ್ನು, ಚಹಾ. ಪಕ್ಕದ ಮೇಜಿನಲ್ಲಿದ್ದ ಪ್ರವಾಸಿಯೊಬ್ಬರು ನಮ್ಮ ಗುಂಗುರು ಕೂದಲು, ಮೈಬಣ್ಣ ನೋಡಿ, ಯಾವ ದೇಶದವರು ಎಂದು ಹಿಂದಿಯಲ್ಲಿ ಕೇಳಿದರು. ಆಫ್ರಿಕಾ ಮೂಲದ ಸಿದ್ದಿಗಳಾದ ನಮಗೆ ಇದು ಹೊಸ ಪ್ರಶ್ನೆಯಲ್ಲ.

“ಹಳಿಯಾಳ ತಾಲೂಕು” ಎಂದರು ಸಂತಾನ. “ನೀವು ಯಾವ ದೇಶದವರ್ರೀ?”

ಜೋಯಿಡಾ ದಾಟಿದ ಮೇಲೆ ಕಾಡು ದಟ್ಟವಾಯಿತು. ಒಂದು ಉದ್ದನೆಯ ಇಳಿಜಾರಿನ ತಲೆಯಲ್ಲಿ ಅವರು ಬೈಕು ನಿಲ್ಲಿಸಿದರು.

“ಇಳಿ” ಎಂದರು.

“ಯಾಕ್ರೀ?”

“ಇದನ್ನ ನಾ ಒಬ್ಬನ ಇಳೀತೇನಿ. ಬ್ರೇಕಿನ ಮ್ಯಾಲೆ ನಂಬಿಕಿ ಐತಿ. ನನ್ನ ಕೈ ಮ್ಯಾಲೆ ಇನ್ನೂ ಅಷ್ಟು ಇಲ್ಲ. ನೀ ನಡಕೋಂತ ಬಾ, ಕೆಳಗ ಮೋರಿ ಹತ್ರ ನಿಲ್ತೇನಿ.”

ನಾನು ಇಳಿದೆ. ಬೈಕು ಮೊದಲ ತಿರುವಿನಲ್ಲಿ ಮರೆಯಾಯಿತು. ಸ್ವಲ್ಪ ಹೊತ್ತು ಸದ್ದು ಕೇಳಿತು, ಆಮೇಲೆ ಅದೂ ಇಲ್ಲ. ಜೀರುಂಡೆಗಳ ಸದ್ದಷ್ಟೇ ಉಳಿಯಿತು. ನಡೆಯುತ್ತಿದ್ದವಳು ಓಡತೊಡಗಿದೆ. ಮೋರಿ ಬಂತು. ಅಲ್ಲಿ ಯಾರೂ ಇರಲಿಲ್ಲ. ಕಟ್ಟೆಯಿಂದ ಬಗ್ಗಿ ಹಳ್ಳದೊಳಗೆ ನೋಡಿದೆ. ನೀರು, ಕಲ್ಲು. ಆ ಕಡೆಗೂ ನೋಡಿದೆ. ಫೋನಿಗೆ ಸಿಗ್ನಲ್ ಇರಲಿಲ್ಲ. ದುಪಟ್ಟಾ ಬಿಚ್ಚಿ ಕೈಗೆ ಸುತ್ತಿಕೊಂಡಿದ್ದೆ. ರಕ್ತ ಹೋಗುತ್ತಿದ್ದರೆ ಮೊದಲು ಎಲ್ಲಿ ಕಟ್ಟಬೇಕು ಎಂದು ತಲೆ ಲೆಕ್ಕ ಹಾಕುತ್ತಿತ್ತು. ಬಾಯಿ ಮಾತ್ರ ಅವರ ಹೆಸರು ಹಿಡಿದು ಕೂಗುತ್ತಿತ್ತು. ಮದುವೆಯಾದಂದಿನಿಂದ ನಾನು ಅವರನ್ನು ಹೆಸರು ಹಿಡಿದು ಕರೆದವಳಲ್ಲ.

ಆಗ ಕೆಳಗಿನಿಂದ ಸದ್ದು ಬಂತು. ಬೈಕು ಏರು ಹತ್ತುತ್ತಿತ್ತು. ಸಂತಾನ ನನ್ನನ್ನು ದಾಟಿಕೊಂಡು ಮೇಲಕ್ಕೆ ಹೋದರು. “ತಡಿ, ಇನ್ನೊಮ್ಮೆ!” ಎಂದದ್ದು ಮಾತ್ರ ಕೇಳಿತು. ಮೇಲೆ ತಿರುಗಿಸಿಕೊಂಡು ಮತ್ತೆ ಇಳಿದು ಬಂದರು. ನನ್ನ ಮುಂದೆ ಬೈಕು ಚೂರೂ ಜಾರದೆ ನಿಂತಿತು.

“ಮೋರಿ ಹತ್ರ ನಿಲ್ತೇನಿ ಅಂದಿದ್ರಿ!” ಎಂದು ಅವರ ಬೆನ್ನಿಗೆ ಗುದ್ದಿದೆ.

“ನಿಂತಿದ್ದೆ. ನಿಂತ ಮ್ಯಾಲೆ ಇನ್ನೂ ಕೆಳಗ ಹೋಗಬೇಕು ಅನ್ನಿಸ್ತು.” ಅವರ ಮುಖ ಬೆವರಿತ್ತು, ನಗುತ್ತಿತ್ತು. ನನಗೆ ಅಳು ಬಂತು. ಅಳುತ್ತಲೇ ಹಿಂದೆ ಹತ್ತಿ ಕೂತೆ.

ಕುಂಬಾರವಾಡದಲ್ಲಿ ಲೂಸಿ ಗದ್ದೆಯಲ್ಲಿದ್ದಳು. ಸದ್ದು ಕೇಳಿ ಕುಡುಗೋಲು ಹಿಡಿದೇ ಓಡಿ ಬಂದಳು. “ಅಪ್ಪಾ, ನೀನ ಹೊಡಕೊಂಡ ಬಂದ್ಯಾ?” ಎಂದು ಎರಡೆರಡು ಸಲ ಕೇಳಿದಳು. ಕೆಂಪಕ್ಕಿ ಅನ್ನ, ಒಣಮೀನು, ಕೋಕಂ ಸಾರು. ಸಂತಾನ ಊಟ ಮಾಡುವಾಗಲೂ ಎಡಗೈ ಬೆರಳುಗಳನ್ನು ಮಡಚಿ ಬಿಡಿಸುತ್ತಿದ್ದರು.

ಅವರು ಒಂದು ವಾರ ಅಲ್ಲೇ ಇರುವುದೆಂದಾಯಿತು. ನನಗೆ ಡ್ಯೂಟಿ ಇತ್ತು. ಮರುದಿನ ಬೆಳಿಗ್ಗೆ ಉಳವಿಯ ಕಡೆಯಿಂದ ಬರುವ ಬಸ್ಸಿಗೆ ಲೂಸಿಯೊಬ್ಬಳೇ ಕಳಿಸಲು ಬಂದಳು. ಅಪ್ಪ ಆಗಲೇ ಜೋಯಿಡಾಕ್ಕೆ ಮೀನು ತರಲು ಹೋಗಿಯಾಯಿತು ಎಂದಳು. ನನಗೆ ಸ್ವಲ್ಪ ಬೇಸರವಾಯಿತು.

ಕಾಡಿನ ನಡುವೆ ಬಸ್ಸು ಇದ್ದಕ್ಕಿದ್ದಂತೆ ನಿಧಾನವಾಯಿತು. ಡ್ರೈವರ್ ಹಾರ್ನ್ ಮೇಲೆ ಹಾರ್ನ್ ಹೊಡೆದ. “ಯಾಂವರೀ ಇಂವ, ನಟ್ಟ ನಡುವ ಹೊಂಟಾನ!” ಎಂದು ಗೊಣಗಿದ. ಮುಂದೆ ಹೊಗೆ ಬಿಡುತ್ತ ನಮ್ಮ ಬೈಕು ಇಳಿಯುತ್ತಿತ್ತು. ಅವಸರವಿಲ್ಲದೆ ಅದು ಅಂಚಿಗೆ ಸರಿದು ದಾರಿ ಬಿಟ್ಟಿತು. ನಾನು ಕಿಟಕಿಯಿಂದ ಕೈ ಎತ್ತಿದೆ. ಅವರು ನೋಡಲಿಲ್ಲ. ಕಣ್ಣು ರಸ್ತೆಯ ಮೇಲಿತ್ತು, ಎರಡು ಬೆರಳು ಕೆಳಗಿನ ಹಿಡಿಯ ಮೇಲೆ.

“ಪರಿಚಯದವರೇನ್ರಿ ಅಕ್ಕಾರ?” ಎಂದ ಕಂಡಕ್ಟರ್.

“ನಮ್ಮ ಮನಿಯವರು” ಎಂದೆ. ತಿರುವು ಬರುವವರೆಗೆ ಹಿಂದೆ ನೋಡುತ್ತ ಕೂತೆ.