ಕಟ್ಟೆ ಏರಿದ ಇಂಜಿನ್

ಮೇಷ್ಟರ ಕೈಯಲ್ಲಿರುವ ಕೊಡೆ ಬಿಸಿಲಿಗೆ ಬಿಚ್ಚಿಕೊಳ್ಳುವುದಕ್ಕಿಂತ ಹೆಚ್ಚಾಗಿ ಬೊಟ್ಟು ಮಾಡಿ ತೋರಿಸುವುದಕ್ಕೇ ಸವೆಯುತ್ತದೆ. ಕಣ್ಣಿಗೆ ಏನಾದರೊಂದು ಬಿದ್ದರೆ ಸಾಕು, ನನ್ನ ಕೊಡೆ ತಾನಾಗಿಯೇ ಮೇಲೇಳುತ್ತಿತ್ತು. ಅದರ ಬೆನ್ನಿಗೇ ಉಪನ್ಯಾಸವೂ ಹೊರಡುತ್ತಿತ್ತು.

ನಾನಾಗ ನರಸೀಪುರದ ಎ.ವಿ. ಸ್ಕೂಲಿನಲ್ಲಿದ್ದೆ. ನಂಜನಗೂಡು ಸ್ಟೇಷನ್ನಿನಲ್ಲಿ ಸಾಮಾನು ರೈಲಿನ ಡಬ್ಬಿಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಜೋಡಿಸುತ್ತಿದ್ದ ಪುಟ್ಟ ಶಂಟಿಂಗ್ ಇಂಜಿನ್ನಿಗೆ ವಾರ್ಧಕ್ಯ ಬಂದು, ಅದಕ್ಕೆ ಕರಿಬಣ್ಣ ಬಳಿದು, ಸ್ಟೇಷನ್ನಿನ ಮುಂದೆ ಕಲ್ಲುಕಟ್ಟೆಯ ಮೇಲೆ ಸರ್ವರ ದರ್ಶನಾರ್ಥವಾಗಿ ನಿಲ್ಲಿಸಿದ್ದಾರೆಂಬ ಸುದ್ದಿ ಬಂತು. ನಾನು ಹೊರಟು ನಿಂತಾಗ ಪಕ್ಕದ ಮನೆಯ ಸಿದ್ದವ್ವ, "ಮೇಷ್ಟ್ರೇ, ನಾನೂ ಬತ್ತೀನಿ" ಎಂದರು.

ಅವರ ಗಂಡ ಮಾದಪ್ಪ ಅದೇ ಸ್ಟೇಷನ್ನಿನಲ್ಲಿ ಡಬ್ಬಿಗಳಿಗೆ ಕೊಂಡಿ ಹಾಕುವ ಕೆಲಸದಲ್ಲಿದ್ದು, ಎರಡು ಡಬ್ಬಿಗಳ ನಡುವೆ ಸಿಕ್ಕಿ ಸತ್ತಿದ್ದ. ಕುಡಿದಿದ್ದನೆಂದು ರೈಲ್ವೆಯವರು ಕಾಗದದಲ್ಲಿ ಬರೆದರು. ಕೊರಳಲ್ಲಿ ಲಿಂಗ ಕಟ್ಟಿದ ಮನೆತನಕ್ಕೆ ಮಾನ ಹೋಗಲು ಆ ಒಂದು ಮಾತು ಸಾಕಾಯಿತು. ಇಪ್ಪತ್ತು ವರ್ಷ ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತಿರಲಿಲ್ಲ.

ಇದೆಲ್ಲ ಗೊತ್ತಿದ್ದೂ, ಇಂಜಿನ್ನಿನ ಮುಂದೆ ನಿಂತೊಡನೆ ನಾನು ಕೊಡೆ ಎತ್ತಿ ಆವಿಯ ಶಕ್ತಿಯನ್ನು ವಿವರಿಸತೊಡಗಿದೆ. ಸಿದ್ದವ್ವ ಸೌಜನ್ಯಕ್ಕೆ ಕೇಳಿಸಿಕೊಂಡು, "ಕೊಂಡಿ ಆಕೋರು ಎಲ್ಲಿ ನಿಂತ್ಕತಿದ್ರು?" ಎಂದರು. ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು.

ಇಂಜಿನ್ನಿನ ಹಿತ್ತಾಳೆ ಉಜ್ಜುತ್ತಿದ್ದ ಮುದುಕರೊಬ್ಬರು ತಿರುಗಿದರು. ಅದನ್ನು ಓಡಿಸುತ್ತಿದ್ದ ಡ್ರೈವರ್ ಪುಟ್ಟಸ್ವಾಮಿ. ಕೆಲಸ ಬಿಟ್ಟ ಮೇಲೂ ದಿನಾ ಬರುತ್ತಿದ್ದರಂತೆ.

"ಇಲ್ಲಿ ಕಣವ್ವಾ. ನೀವು ಯಾರು?"

"ಮಾದಪ್ಪನ ಎಂಡ್ತಿ."

ಮುದುಕರು ಬಟ್ಟೆ ಕೆಳಗಿಟ್ಟು ಹತ್ತಿರ ಬಂದರು.

"ಅವ್ನು ಕುಡ್ದಿರ್ಲಿಲ್ಲ ಕಣವ್ವಾ. ನಿಲ್ಸು ಅಂತ ಕೈ ಎತ್ತಿದ್ದ. ನಾನು ಬ್ಯಾರೆ ಕಡೆ ನೋಡ್ತಿದ್ದೆ. ಕೆಲ್ಸ ಓಯ್ತದೆ ಅಂತ ಎದ್ರ್ಕಂಡು, ಕುಡ್ದಿದ್ದ ಅಂತ ನಾನೇ ಬರೆಸ್ದೆ."

ಸಿದ್ದವ್ವ ಅಳಲಿಲ್ಲ. ಕಟ್ಟೆಯ ಅಂಚು ಹಿಡಿದುಕೊಂಡರು.

"ಅವರವ್ವ ಇದ್ನ ಕೇಳ್ದೆಲೇ ಓಗ್ಬುಟ್ರು," ಎಂದರು. "ಮಗಳವ್ಳೆ, ದೇವನೂರ್ನಲ್ಲಿ. ಅವಳ ಮುಂದೆ ಬಂದು ಈ ಮಾತ್ನೇ ಏಳಿ."

ಮುದುಕರು ನಾವು ಬಂದಿದ್ದ ಎತ್ತಿನ ಗಾಡಿ ಹತ್ತಿದರು. ದಾರಿಯುದ್ದಕ್ಕೂ ನನ್ನ ಕೊಡೆ ಮಡಿಲಲ್ಲೇ ಇತ್ತು. ಸುಮ್ಮನಿರುವ ವಿದ್ಯೆಯನ್ನು ನಾನು ಕಲಿತದ್ದು ಆ ಗಾಡಿಯಲ್ಲಿಯೇ.

ಮಗಳು ನಾಗಮ್ಮ ತಂದೆ ಸತ್ತಾಗ ಐದು ತಿಂಗಳ ಕೂಸು. ದೇವನೂರಿನಲ್ಲಿ ಅವಳ ಅತ್ತೆ ಮಾವಂದಿರೆದುರಿಗೇ ಜಗಲಿಯಲ್ಲಿ ನಿಂತು ಪುಟ್ಟಸ್ವಾಮಿ ಒಂದಕ್ಷರ ಬಿಡದೆ ಎಲ್ಲವನ್ನೂ ಒಪ್ಪಿಕೊಂಡರು. ಬೈಗುಳಕ್ಕೆ ಕಾದವರಂತೆ ತಲೆ ತಗ್ಗಿಸಿ ನಿಂತರು. ನಾಗಮ್ಮ ಬೈಯಲಿಲ್ಲ. ಕ್ಷಮಿಸಿದೆನೆಂದೂ ಹೇಳಲಿಲ್ಲ. ಚಾಪೆ ತಂದು ಹಾಸಿ, ಅವರೆದುರಿಗೆ ಕುಳಿತಳು.

"ನಮ್ಮಪ್ಪ ನೋಡಕ್ಕೆ ಎಂಗಿದ್ರು?"

ಮುದುಕರು ಮೆಲ್ಲಗೆ ಕುಳಿತರು. "ನಿನ್ನಂಗೇ ಎತ್ತರ ಕಣವ್ವಾ. ನಗ್ವಾಗ ತಲೆ ಇಂದಕ್ಕಾಕಿ ನಗ್ತಿದ್ದ…"

ಕಂಬಕ್ಕೆ ಒರಗಿದ್ದ ಸಿದ್ದವ್ವ, "ಬಲಗಡೆ ಕೋರೆ ಅಲ್ಲು ಮುರ್ದಿತ್ತು, ಅದ್ನೂ ಏಳಿ," ಎಂದರು.