ಮಾವನ ಪಾನಿಪೂರಿ ಚಿಕಿತ್ಸೆ

ಮೊನ್ನೆ ಭಾನುವಾರ ಸಂಜೆ ಬಂಗಾರಪೇಟೆಯಲ್ಲಿ ಸ್ಕೂಟರ್ ನಿಲ್ಲಿಸಿದೆ. ಪಾನಿಪೂರಿ ಅಂಗಡಿಯ ವಾಸನೆ ಮೂಗಿಗೆ ಬಿದ್ದದ್ದೇ ತಡ, ತಿನ್ನುವ ಮೊದಲೇ ಕಣ್ಣಲ್ಲಿ ನೀರಾಡಿತು. ಇಲ್ಲಿಯ ಪಾನಿಯನ್ನು ನೀವು ಕುಡಿದಿರದಿದ್ದರೆ ಮೊದಲೇ ಹೇಳಿಬಿಡುತ್ತೇನೆ. ನೋಡುವುದಕ್ಕೆ ಅದು ನಲ್ಲಿ ನೀರಿನಷ್ಟೇ ತಿಳಿ. ಆ ಸಾಧು ಮುಖವನ್ನು ನಂಬಿ ಬಾಯಿಗಿಟ್ಟವರು ಆಮೇಲೆ ಸುಮಾರು ಹೊತ್ತು ಮಾತಾಡುವುದಿಲ್ಲ.

ಹಿಂದಿನ ಸೀಟಿನಲ್ಲಿ ನನ್ನ ಸೋದರಮಾವ ನಾರಾಯಣಪ್ಪ ಕೂತಿದ್ದ. ನನ್ನನ್ನು ಈ ಅಂಗಡಿಗೆ ಮೊದಲ ಸಲ ಕರೆತಂದವನೂ ಅವನೇ.

ಆಗ ನಾನು ಪಿಯುಸಿಯಲ್ಲಿ ಫೇಲಾಗಿದ್ದೆ. ರಾಬರ್ಟ್‌ಸನ್‌ಪೇಟೆಯ ನಮ್ಮ ಮನೆಗೆ ಬಂದವರೆಲ್ಲ ಸಮಾಧಾನ ಹೇಳಿ ಹೇಳಿ ನನ್ನ ಪ್ರಾಣ ತಿನ್ನುತ್ತಿದ್ದರು. ಕಾಮಸಮುದ್ರದ ಕಡೆಯ ಹಳ್ಳಿಯಿಂದ, ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ನೇತಾಡಿಸಿಕೊಂಡು ಮೊಪೆಡ್ಡಿನಲ್ಲಿ ಬಂದ ಮಾವ ಮಾತ್ರ ಸಮಾಧಾನದ ಗೋಜಿಗೆ ಹೋಗಲಿಲ್ಲ. "ಕುಂತ್ಕೊ ಬಾರ್ಲಾ, ಓಗ್ಬರಾನ" ಎಂದ. ಇಲ್ಲಿಗೆ ಬಂದು ಅಂಗಡಿಯವನಿಗೆ, "ಇವ್ನಿಗೆ ಖಾರ ಜಾಸ್ತಿ ಆಕಪ್ಪಾ, ಫೇಲಾಗೌನೆ" ಎಂದು ಊರಿಗೇ ಕೇಳುವಂತೆ ಹೇಳಿದ. ಎರಡನೆಯ ಪೂರಿಗೆ ನನ್ನ ಕಣ್ಣು, ಮೂಗು ಎಲ್ಲ ಒಟ್ಟಿಗೆ ಸುರಿಯತೊಡಗಿದವು.

"ಅಳ್ಲಾ, ಅಳು. ಇಲ್ಲಿ ಯಾರೂ ಯಾಕಂತ ಕೇಳಲ್ಲ" ಎಂದ ಮಾವ.

ಸುತ್ತ ನೋಡಿದೆ. ಮೀಸೆ ಹೊತ್ತ ಪೊಲೀಸಿನವನೊಬ್ಬ ಬಿಕ್ಕುತ್ತಿದ್ದ. ಹೊಸದಾಗಿ ಮದುವೆಯಾದ ಜೋಡಿಯೊಂದು ಎದುರುಬದುರು ನಿಂತು ಕಣ್ಣೊರೆಸಿಕೊಳ್ಳುತ್ತಿತ್ತು. ನಾನು ಧಾರಾಳವಾಗಿ ಅತ್ತೆ. ಮಾವ ಮಾತ್ರ ಮೂರು ಪ್ಲೇಟು ತಿಂದೂ ಕಣ್ಣು ಒದ್ದೆ ಮಾಡಿಕೊಳ್ಳಲಿಲ್ಲ. "ಖಾರ ನನ್ನೇನ್ಲಾ ಮಾಡ್ತದೆ?" ಎಂದು ಎದೆಯುಬ್ಬಿಸಿದ.

ನಮ್ಮ ಬಳಗದಲ್ಲಿ ಯಾರಿಗೆ ಕಷ್ಟ ಬಂದರೂ ಇದೇ ಚಿಕಿತ್ಸೆ. ಕೆಲಸ ಕಳೆದುಕೊಂಡ ನಮ್ಮಣ್ಣನಿಗೆ ನಡುಮಟ್ಟದ ಖಾರ, ನಿಶ್ಚಿತಾರ್ಥ ಮುರಿದುಬಿದ್ದ ನನ್ನ ಅಕ್ಕನಿಗೆ ಪೂರ್ತಿ ಖಾರ. ಮಾವನ ಹೆಂಡತಿ ರತ್ನಮ್ಮತ್ತೆ ಅವನಿಗೆ ಬಾಯಿ ತುಂಬ ಬೈಯುತ್ತಿದ್ದಳು: "ಮೊದ್ಲೇ ದುಃಖದಾಗೆ ಇರೋರ್ಗೆ ಒಟ್ಟೆನೋವು ಬೇರೆ ತಂದಾಕ್ತೀಯಲ್ಲ!" ಬೈಯುತ್ತಲೇ ಎಲ್ಲರಿಗೂ ಮಜ್ಜಿಗೆ ಮಾಡಿಟ್ಟು ಕಾಯುತ್ತಿದ್ದಳು.

ಆ ಅತ್ತೆ ಈ ಮಳೆಗಾಲದಲ್ಲಿ ತೀರಿಕೊಂಡಳು. ಮಾವ ಅಳಲಿಲ್ಲ. ಮಣ್ಣು ಮಾಡಿ ಬಂದು ಹಸುವಿನ ಹಾಲು ಕರೆದ. ಊರಿನವರು ಕಲ್ಲು ಮನುಷ್ಯ ಎಂದರು. ಕೊನೆಗೆ ಅವನ ಮಗಳು ಮಂಜುಳಾ ನನಗೆ ಫೋನು ಮಾಡಿದಳು: "ಬಾವಾ, ಅಪ್ಪ ಅಳ್ತಾನೂ ಇಲ್ಲ, ಸರ್ಯಾಗಿ ಉಣ್ತಾನೂ ಇಲ್ಲ, ಮಾತೇ ಬಿಟ್ಟೌನೆ. ನಂಗೆ ಭಯ ಆಗ್ತದೆ."

ಓಡಿಹೋದೆ. ಸಮಾಧಾನ ಹೇಳುವುದರಲ್ಲಿ ನನಗೆ ಬರುವುದು ಒಂದೇ ವಾಕ್ಯ, ಅದನ್ನೇ ಹೇಳಿದೆ: "ಎಲ್ಲಾ ಸರಿಹೋಗುತ್ತೆ ಮಾವ."

"ಏನ್ ಸರೋಗ್ತದೆ? ಅವ್ಳು ವಾಪಸ್ ಬತ್ತಾಳಾ?" ಎಂದ.

ನನ್ನ ಬಂಡವಾಳ ಅಲ್ಲಿಗೆ ಮುಗಿಯಿತು. "ಕುಂತ್ಕೊ ಬಾ ಮಾವ, ಓಗ್ಬರಾನ" ಎಂದು ಸ್ಕೂಟರ್ ಹತ್ತಿಸಿದೆ.

ಅಂಗಡಿಯವನ ತಲೆ ಈಗ ನರೆತಿದೆ. ಇಬ್ಬರಿಗೂ ಪೂರ್ತಿ ಖಾರ ಹಾಕಲು ಹೇಳಿದೆ. ಮೊದಲನೆಯದಕ್ಕೇ ನನಗೆ ಪ್ರಳಯವಾಯಿತು. ಮಾವ ಒಂದು ತಿಂದ, ಎರಡು ತಿಂದ, ಮೂರು ತಿಂದ. ಕಣ್ಣು ಒಣಗಿಯೇ ಇತ್ತು. "ಇನ್ನೂ ಖಾರ ಹಾಕಪ್ಪಾ ಅವರಿಗೆ!" ಎಂದು ಬಿಕ್ಕುತ್ತಲೇ ಕೂಗಿದೆ.

ಅಂಗಡಿಯವನು ಗಾಬರಿಯಾದ. "ಅಣ್ಣಂಗೆ ನಾನು ಯಾವತ್ತೂ ಸಪ್ಪೆ ಪಾನೀನೇ ಆಕೋದು ಸಾರ್. ಮೊದಲಿಂದ್ಲೂ ಅವ್ರೇ ಹೇಳಿರೋದು."

ನಾನು ಬಾಯಿ ತೆರೆದುಕೊಂಡು ಮಾವನನ್ನು ನೋಡಿದೆ. ಎಷ್ಟು ವರ್ಷದ ಎದೆಯುಬ್ಬಿಸಾಟ ಅದು! ಮಾವ ನಾಚಿಕೊಂಡು ಟವೆಲ್ ಸರಿಮಾಡಿಕೊಂಡ.

"ಇನ್ನೇನ್ಲಾ ಮತ್ತೆ? ನೀವೆಲ್ಲಾ ಕಣ್ಣು ಬಿಡಕ್ಕಾಗ್ದಂಗೆ ಅಳ್ತಿದ್ರಿ. ಗಾಡಿ ಯಾರು ಓಡ್ಸ್‌ಬೇಕಾಗಿತ್ತು?"

ರೈಲೊಂದು ಕೂಗಿ ಹೋಯಿತು. ಪಕ್ಕದಲ್ಲಿ ನಿಂತಿದ್ದ ನನ್ನ ಸ್ಕೂಟರನ್ನು ಮಾವ ನೋಡಿದ, ನನ್ನನ್ನು ನೋಡಿದ.

"ಇವತ್ತು ಗಾಡಿ ನೀನೇ ತಾನೆ ಓಡ್ಸೋದು?"

"ಊಂ ಮಾವ."

ಪ್ಲೇಟನ್ನು ಅಂಗಡಿಯವನ ಮುಂದೆ ಹಿಡಿದ. "ಖಾರ ಆಕಪ್ಪಾ."

ಒಂದೇ ಒಂದು ತಿಂದ. ಆಮೇಲೆ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಯಾರೂ ಯಾಕೆಂದು ಕೇಳಲಿಲ್ಲ. ಪಕ್ಕದಲ್ಲಿ ತಿನ್ನುತ್ತಿದ್ದ ಹೆಂಗಸೊಬ್ಬಳು ತನ್ನ ಕಣ್ಣೊರೆಸಿಕೊಂಡು ನೀರಿನ ಬಾಟಲಿಯನ್ನು ಅವನತ್ತ ಸರಿಸಿದಳು.

ಕತ್ತಲಾಗುವ ಮುಂಚೆ ಕಾಮಸಮುದ್ರದ ದಾರಿ ಹಿಡಿದೆವು. ಮಾವನ ಹಣೆ ನನ್ನ ಬೆನ್ನಿಗೆ ಒರಗಿತ್ತು, ಅಂಗಿ ಒದ್ದೆಯಾಗುತ್ತಿತ್ತು. ನಾನು ಹಲ್ಲು ಕಚ್ಚಿ ರಸ್ತೆಯನ್ನೇ ನೋಡುತ್ತಿದ್ದೆ. ಬೇಗ ಮನೆ ಸೇರಿಸೋಣವೆಂದು ಸ್ವಲ್ಪ ಜೋರು ಮಾಡಿದೆ. ಹಿಂದಿನಿಂದ ಮಾವ ಭುಜ ತಟ್ಟಿದ.

"ನಿಧಾನಕ್ಕೆ ಓಗ್ಲಾ. ಇನ್ನೂ ಮುಗ್ದಿಲ್ಲ."